ಬಳೆಗಾರರ ಗುಂಡು, ಅಕ್ಷರಗುಂಡು: ಮೊಳಕಾಲ್ಮೂರು–ಚಳ್ಳಕೆರೆ ಸೀಮೆಯಲ್ಲಿ ಹಳೆಯದನ್ನು ನೋಡಲು ಹೋಗುವ ಪರಂಪರೆ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ಗುಡಿಗೆ ಹತ್ತುವ ಮೆಟ್ಟಿಲ ಬಳಿಯ ಹಾಸುಬಂಡೆಯೊಂದರಲ್ಲಿ ಅಶೋಕನ ಶಾಸನವಿದೆ. ಕ್ರಿಸ್ತಪೂರ್ವ 3ನೆಯ ಶತಮಾನದ ಬರಹ. ಬಹುಪಾಲು ಅಕ್ಷರ ಸವೆದುಹೋಗಿವೆ. 19ನೆಯ ಶತಮಾನದ ಕೊನೆಯಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಈ ಶಾಸನವನ್ನು ಗುರುತಿಸಿದಾಗ ಸುತ್ತಲ ಜನ ಆ ಜಾಗವನ್ನು ಬಳೆಗಾರರ ಗುಂಡು ಎಂದು ಕರೆಯುತ್ತಿದ್ದರು. ಜಾತ್ರೆಯ ದಿನ ಬಳೆಗಾರರು ಅಂಗಡಿ ಹೂಡುತ್ತಿದ್ದುದು ಅಲ್ಲೇ. ಸಾಮ್ರಾಟನ ಮಾತಿನ ಮೇಲೆ ಮಲಾರ ಬಿಚ್ಚಿಟ್ಟು ಹೆಣ್ಣುಮಕ್ಕಳಿಗೆ ಬಳೆ ತೊಡಿಸಿದ ತಲೆಮಾರುಗಳು ಎಷ್ಟೋ. ಅಕ್ಷರಗಳ ಸವೆತದಲ್ಲಿ ಆ ಜಾತ್ರೆಯ ಪಾದಗಳ ಪಾಲೂ ಇದ್ದೀತು.

ಚಾರಿತ್ರಿಕ ಸ್ಥಳಗಳನ್ನು ನೋಡಲು ಹೋಗುವ ಅಭ್ಯಾಸ ಬ್ರಿಟಿಷರ ಕಾಲದಲ್ಲಿ, ವಸ್ತುಸಂಗ್ರಹಾಲಯಗಳ ಜೊತೆಗೆ ನಮ್ಮಲ್ಲಿಗೆ ಬಂತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಆರಂಭವಾದದ್ದು 1865ರಲ್ಲಿ. ಆ ಲೆಕ್ಕದಲ್ಲಿ ಮಾತು ಸರಿಯೇ. ಆದರೆ ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳನ್ನು ಹತ್ತಿರದಿಂದ ನೋಡಿದರೆ ಬೇರೊಂದು ಚರಿತ್ರೆ ಕಾಣುತ್ತದೆ. ಇಲ್ಲಿನ ಜನ ಹಳೆಯ ಬಂಡೆಗೆ, ಹಳೆಯ ಗೋರಿಗೆ, ಹಳೆಯ ಮನೆಗೆ ಹೆಸರಿಟ್ಟು, ವರ್ಷಕ್ಕೊಮ್ಮೆ ಹೋಗಿ ಬಂದು, ಕಥೆ ಹೇಳಿ ಉಳಿಸಿಕೊಂಡಿದ್ದರು. ಆಮೇಲೆ ಬಂದ ವಿದ್ವತ್ತು ಓದನ್ನೂ ಕಾಲಮಾನವನ್ನೂ ಕೊಟ್ಟಿತು, ಈ ಹೆಸರುಗಳನ್ನು ಮಾತ್ರ ಅಡಿಟಿಪ್ಪಣಿಗೆ ಇಳಿಸಿತು. ಅವುಗಳನ್ನು ಮತ್ತೆ ಮೇಲಿನ ಸಾಲಿಗೆ ತರಬೇಕೆಂಬುದು ಈ ಲೇಖನದ ವಾದ.

ಅಶೋಕನ ಕಿರುಶಾಸನಗಳು ಈ ಸೀಮೆಯಲ್ಲಿ ಒಂದಕ್ಕೊಂದು ಹತ್ತಿರದ ಮೂರು ಕಡೆ ಇವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಮೂರಕ್ಕೂ ಊರಿನವರ ಹೆಸರುಗಳಿದ್ದವು. ಬ್ರಹ್ಮಗಿರಿಯದು ಅಕ್ಷರಗುಂಡು. ಅಲ್ಲಿ ಕೆತ್ತಿದ್ದು ಅಕ್ಷರ ಎಂಬುದು ಜನರಿಗೆ ತಿಳಿದಿತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ಓದಲಾಗದ ಅಕ್ಷರಕ್ಕೆ ಔಷಧದ ಗುಣವಿದೆಯೆಂಬ ನಂಬಿಕೆಯೂ ಬೆಳೆದಿತ್ತು. ಸಿದ್ದಾಪುರದ ಬಂಡೆಗೆ ಎಮ್ಮೆ ಕಾಯುತ್ತಿದ್ದ ತಿಮ್ಮಯ್ಯನೆಂಬವನ ಹೆಸರು. ಆ ಹೆಸರಿನ ಹಳೆಯ ರೂಪದಲ್ಲಿ ಎಮ್ಮೆಗೆ ಬಳಸಿದ್ದು ತೆಲುಗು ಮಾತು. ರಾಯದುರ್ಗ ಸೀಮೆ ಪಕ್ಕದಲ್ಲೇ ಇರುವಾಗ ಇದು ಸಹಜ. ಇಂದಿಗೂ ಇಲ್ಲಿನ ಎಷ್ಟೋ ಮನೆಗಳ ಒಳಗೆ ತೆಲುಗು, ಹೊರಗೆ ಕನ್ನಡ. ಒಂದು ಗುಂಡು ಅಕ್ಷರದ್ದು, ಒಂದು ದನಗಾಹಿಯದು, ಒಂದು ಬಳೆಗಾರರದು. ಮೂರು ಹೆಸರುಗಳೂ ಆ ಬಂಡೆಗಳ ಬಳಿ ಯಾರು ಕೂತರು, ಯಾರು ಬಂದುಹೋದರು ಎಂಬುದರ ದಾಖಲೆ. ಶಾಸನ ಕೊರೆದ ದಿನಕ್ಕೂ ಅದನ್ನು ಮತ್ತೆ ಓದಿದ ದಿನಕ್ಕೂ ನಡುವಿನ ಎರಡು ಸಾವಿರ ವರ್ಷದ ಬಗ್ಗೆ ಆ ಬಂಡೆಗಳ ಮಟ್ಟಿಗೆ ನಮಗೆ ಉಳಿದಿರುವ ಸಾಕ್ಷಿ ಹೆಚ್ಚಾಗಿ ಇಂಥದೇ.

ಬ್ರಹ್ಮಗಿರಿಯ ಪಾಠವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹದಿಮೂರು ಸಾಲು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಬಳಿಕ ದೊರೆಯ ಮಾತನ್ನು ತಿಳಿಸುತ್ತಾರೆ. ಒಂದು ಕಚೇರಿ ಇನ್ನೊಂದು ಕಚೇರಿಗೆ ಬರೆದ ಕಾಗದದ ಧಾಟಿ. ಇಸಿಲ ಎಂಬುದು ಈ ಬೆಟ್ಟದ ಬುಡದಲ್ಲಿದ್ದ ಊರು. ತಂದೆತಾಯಿಯ ಮಾತು ಕೇಳುವುದು, ಪ್ರಾಣಿಗಳ ಮೇಲೆ ದಯೆ, ಸತ್ಯ ನುಡಿಯುವುದು, ಶಿಷ್ಯ ಗುರುವನ್ನು ಗೌರವಿಸುವುದು ಇವೆಲ್ಲ ಅದರಲ್ಲಿವೆ. ಕೊನೆಗೆ ಬರೆದವನ ಹೆಸರು: ಚಪಡ. ತನ್ನ ಹೆಸರಿನ ಮುಂದೆ ‘ಲಿಪಿಕಾರ’ ಎಂಬ ಅರ್ಥದ ಪದವನ್ನು ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ತಕ್ಷಶಿಲೆ, ಗಾಂಧಾರದ ಕಡೆಯದು. ಅಷ್ಟು ದೂರದ ಲಿಪಿಯನ್ನು ಬಲ್ಲವನೊಬ್ಬ ಮೊಳಕಾಲ್ಮೂರಿನ ಬಂಡೆಯ ಮೇಲೆ ಹಾಕಿದ ಸಹಿ ಅದು. ನಾಡಿನ ಯಾವ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲೂ ಇದಕ್ಕಿಂತ ಆಪ್ತವಾದ ವಸ್ತುವನ್ನು ನಾನು ಹೆಸರಿಸಲಾರೆ.

ರೈಸ್ ಈ ಶಾಸನಗಳನ್ನು ಪ್ರಕಟಿಸಿದ್ದು 1892ರಲ್ಲಿ. ದಕ್ಷಿಣದಲ್ಲಿ ಮೌರ್ಯರ ಆಳ್ವಿಕೆ ಎಲ್ಲಿಯವರೆಗೆ ಹಬ್ಬಿತ್ತು ಎಂಬ ಪ್ರಶ್ನೆಯ ನಕ್ಷೆಯೇ ಅಂದಿನಿಂದ ಬದಲಾಯಿತು. ಅದಕ್ಕೆ ಒಂದು ವರ್ಷ ಮೊದಲು, 1891ರಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ತುರ್ ಹಾಸೇಲಿಯಸ್ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆದಿದ್ದರು. ಹಳ್ಳಿಯ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ, ಆಯಾ ಸೀಮೆಯ ಉಡುಪು ತೊಟ್ಟವರನ್ನು ಅಲ್ಲಿ ನಿಲ್ಲಿಸಿದ ಆ ಪ್ರಯೋಗವೇ ಜಗತ್ತಿನ ‘ಜೀವಂತ ಚರಿತ್ರೆಯ ಹಳ್ಳಿ’ಗಳಿಗೆಲ್ಲ ಮಾದರಿಯಾಯಿತು. ಕಾರ್ಖಾನೆಗಳ ಭರಾಟೆಯಲ್ಲಿ ಹಳ್ಳಿಯ ಬದುಕು ಕಣ್ಮರೆಯಾಗುತ್ತಿದೆಯೆಂಬ ಆತಂಕ ಅದರ ಹಿಂದಿತ್ತು. ನಮ್ಮಲ್ಲಿ ಅದೇ ಹೊತ್ತಿನ ಕೆಲಸ ಬೇರೆ ಬಗೆಯದು. ಬಂಡೆ ಇದ್ದಲ್ಲೇ ಉಳಿಯಿತು. ಅದರ ಪಡಿಯಚ್ಚು ಪ್ರಯಾಣ ಮಾಡಿತು. ಬ್ರಹ್ಮಗಿರಿಯನ್ನು ನೋಡಿದವರಿಗಿಂತ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ ಓದಿದವರು ಹೆಚ್ಚಾದರು.

ಎರಡನೆಯ ಘಟ್ಟ ಅಗೆತದ್ದು. 1940ರ ದಶಕದ ಆರಂಭದಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಬ್ರಹ್ಮಗಿರಿಯಲ್ಲಿ ಅಗೆದರು. ಇಲ್ಲಿ ಸಿಕ್ಕ ಒಂದು ಹಂತಕ್ಕೆ ಅವರು ಪಕ್ಕದ ರೊಪ್ಪ ಹಳ್ಳಿಯ ಹೆಸರನ್ನೇ ಕೊಟ್ಟರು. ರೊಪ್ಪ ಎಂದರೆ ಈ ಕಡೆಯ ಮಾತಿನಲ್ಲಿ ದನಕುರಿ ಕೂಡುವ ಜಾಗ. 1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯನ್ನೂ ಅಗೆಸಿ, ವರದಿಯನ್ನು ‘ಏನ್ಶಂಟ್ ಇಂಡಿಯಾ’ದ 4ನೆಯ ಸಂಚಿಕೆಯಲ್ಲಿ ಪ್ರಕಟಿಸಿದರು. ನಯಗೊಳಿಸಿದ ಕಲ್ಲುಕೊಡಲಿಯ ಜನ, ಆಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಗೋರಿಗಳ ಜನ, ಮೇಲಿನ ಪದರದಲ್ಲಿ ಶಾತವಾಹನರ ಕಾಲದ ಬದುಕು: ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಏಣಿ ಸಿಕ್ಕಿತು. ವೀಲರ್ ಕೊಟ್ಟ ಕಾಲಮಾನ ಈಗ ನಿಲ್ಲುವುದಿಲ್ಲ. ಇಂಗಾಲದ ಕಾಲನಿರ್ಣಯ ಬಂದ ಮೇಲೆ ದಕ್ಷಿಣದ ನವಶಿಲಾಯುಗ ಕ್ರಿಸ್ತಪೂರ್ವ 3ನೆಯ ಸಹಸ್ರಮಾನಕ್ಕೆ ಸರಿದಿದೆ. ಆದರೆ ಪದರಗಳ ಕ್ರಮ, ಅವನ್ನು ಓದುವ ಶಿಸ್ತು ಉಳಿದಿವೆ.

ವೀಲರ್ ತೆರೆದ ಗೋರಿಗಳಲ್ಲಿ ಕೆಲವು ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಒಂದು ಪಕ್ಕದ ಕಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದ ಕಲ್ಲುಪೆಟ್ಟಿಗೆಗಳು. ಸುತ್ತ ಗುಂಡುಗಳ ವೃತ್ತ. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಹತಾರಗಳು, ಮೂಳೆಗಳು. ಇಂಥವನ್ನು ಕನ್ನಡ ನಾಡಿನಲ್ಲಿ ಮೋರಿಯರ ಮನೆ ಎನ್ನುತ್ತಾರೆ, ಕೆಲವೆಡೆ ಪಾಂಡವರ ಮನೆ. ಜನ ಗೋರಿ ಎನ್ನಲಿಲ್ಲ, ಮನೆ ಎಂದರು. ಮುಚ್ಚಿಗೆ, ಗೋಡೆ, ಕಿಂಡಿ ಕಂಡವರಿಗೆ ಮನೆ ಎಂದೇ ತೋರಿತು. ಸತ್ತವರಿಗಾಗಿ ಅದನ್ನು ಕಟ್ಟಿದವರ ಮನಸ್ಸಿನಲ್ಲೂ ಮನೆಯೇ ಇದ್ದಿರಬೇಕು. ಚಾರಿತ್ರಿಕ ಮನೆಗಳ ಮಾತು ಬಂದಾಗ ಅರಮನೆ, ವಾಡೆಗಳಿಂದ ಶುರುಮಾಡುವ ನಾವು ಈ ಸೀಮೆಯಲ್ಲಿ ಮೋರಿಯರ ಮನೆಯಿಂದ ಶುರುಮಾಡಬೇಕು. ದುಃಖದ ಸಂಗತಿಯೆಂದರೆ, ಎರಡೂವರೆ ಸಾವಿರ ವರ್ಷ ತಾಳಿದ ಇಂಥ ಮನೆಗಳನ್ನು ನಾಡಿನ ಹಲವೆಡೆ ನಿಧಿಯಾಸೆಯ ಗುದ್ದಲಿ ಒಂದೇ ರಾತ್ರಿಯಲ್ಲಿ ಕೆಡವಿದೆ.

ಅಗೆದು ತೆಗೆದದ್ದು ಊರಿನಲ್ಲಿ ಉಳಿಯಲಿಲ್ಲ. ಬ್ರಹ್ಮಗಿರಿಯ ಕೆಲವು ವಸ್ತುಗಳನ್ನು ನೋಡಬೇಕಾದರೆ ಚಿತ್ರದುರ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ದುರ್ಗದಲ್ಲಿ ಇಂಥ ಸಂಗ್ರಹದ ಪ್ರಜ್ಞೆ ಮೂಡಿದ್ದರಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರ ಪಾಲು ದೊಡ್ಡದು. ಓಲೆ, ನಾಣ್ಯ, ಆಯುಧಗಳನ್ನು ಜಿಲ್ಲೆಯ ಮೂಲೆಮೂಲೆಯಿಂದ ಕೂಡಿಸಿದವರು ಅವರು. ಐಹೊಳೆ, ಬಾದಾಮಿ, ಹಳೇಬೀಡು, ಹಂಪಿಗಳಲ್ಲಿ ಪುರಾತತ್ತ್ವ ಸರ್ವೇಕ್ಷಣ ಸ್ಥಳದಲ್ಲೇ ವಸ್ತುಸಂಗ್ರಹಾಲಯ ನಡೆಸುತ್ತದೆ. ಅಶೋಕ ಸಿದ್ದಾಪುರವೆಂದೂ ಕರೆಯುವ ನಮ್ಮ ಸಿದ್ದಾಪುರಕ್ಕೆ ಆ ಭಾಗ್ಯ ಬಂದಿಲ್ಲ.

ಹಾಗಾದರೆ ಇಲ್ಲೊಂದು ‘ಜೀವಂತ ಚರಿತ್ರೆಯ ಹಳ್ಳಿ’ ಕಟ್ಟೋಣವೆ? ಈ ಸಲಹೆಗೆ ನನ್ನ ಉತ್ತರ ಸ್ಪಷ್ಟ: ಬೇಡ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಮಣಿಪಾಲದಲ್ಲಿ ವಿಜಯನಾಥ ಶೆಣೈ ಹಳೆಯ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ ಪರಂಪರೆಯ ಹಳ್ಳಿ, ಎರಡೂ ದೊಡ್ಡ ಕೆಲಸಗಳು. ಅವು ಅಳಿದುಹೋಗುತ್ತಿದ್ದುದನ್ನು ಉಳಿಸಿದವು. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಹಟ್ಟಿಗಳು ಇನ್ನೂ ಹಟ್ಟಿಗಳಾಗಿಯೇ ಇವೆ. ನನ್ನಿವಾಳದ ಕಟ್ಟೆಮನೆಗೆ ಮ್ಯಾಸಬೇಡರು ಬರುವುದು ಕಟ್ಟಡ ನೋಡಲಿಕ್ಕಲ್ಲ, ಕುಲದ ನ್ಯಾಯ, ಹಬ್ಬ, ದೇವರ ಕೆಲಸಕ್ಕಾಗಿ. ಅವರ ದೇವರ ಎತ್ತುಗಳನ್ನು ನೇಗಿಲಿಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಕಿಲಾರಿಗಳು ಅವನ್ನು ಕಾವಲುಗಳಲ್ಲಿ ಮೇಯಿಸಿಕೊಂಡು ಬಂದಿದ್ದಾರೆ. ಬರಗಾಲದಲ್ಲಿ ಮೇವು ಹೊಂದಿಸಲು ಅವರು ಪಡುವ ಪಾಡನ್ನು ಯಾವ ಪ್ರದರ್ಶನವೂ ತೋರಿಸಲಾರದು. ಕಾವಲು ಕಿರಿದಾದಷ್ಟೂ ಆ ಪರಂಪರೆಯ ಉಸಿರು ಕಟ್ಟುತ್ತದೆ. ಅವರಿಗೆ ಬೇಕಾದದ್ದು ನೋಡುಗರಲ್ಲ, ಹುಲ್ಲು.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ರೂಢಿ ಇತ್ತು, ಹಲವೆಡೆ ಇನ್ನೂ ಇದೆ. ಅದಕ್ಕಾಗಿಯೇ ಸರ್ಕಾರ ಕೃಷ್ಣಕುಟೀರಗಳನ್ನು ಕಟ್ಟಿಸಿತು. ಪರಂಪರೆ ಎಂದು ಇಡೀ ಹಟ್ಟಿಯನ್ನು ಚೌಕಟ್ಟಿನಲ್ಲಿಟ್ಟು ತೋರಿಸುವವರು ಈ ನೋವನ್ನೂ ಸೇರಿಸಿಯೇ ಕಾಪಾಡುತ್ತಾರೆ. ಹಟ್ಟಿಯಿಂದ ಕಾಪಾಡಬೇಕಾದದ್ದು ಬೇರೆಯೇ ಇದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವರಲ್ಲ. ಅವರ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಅವುಗಳನ್ನು ಕೇಳಿ ಬರೆದು ‘ಸಾವಿರದ ಸಿರಿಬೆಳಗು’ ಸಂಗ್ರಹವಾಗಿ ತಂದರು. ಹಟ್ಟಿಗೆ ಹೋಗಿ ಕೂತು ಕೇಳಿಸಿಕೊಂಡ ಆ ಕೆಲಸವೇ ಈ ಸೀಮೆಗೆ ಒಪ್ಪುವ ಸಂದರ್ಶನದ ಮಾದರಿ.

ಮೊಳಕಾಲ್ಮೂರಿನ ಮಗ್ಗದ ಮನೆಗಳದೂ ಇದೇ ಕಥೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಇಲ್ಲಿನ ರೇಷ್ಮೆ ಸೀರೆಯ ವಿಶೇಷ ಒಡಲಿನ ಬಣ್ಣವೇ ಬೇರೆ, ಅಂಚಿನ ಬಣ್ಣವೇ ಬೇರೆ ಇರುವುದು. ಎಡದ ಅಂಚಿಗೊಂದು, ಒಡಲಿಗೊಂದು, ಬಲದ ಅಂಚಿಗೊಂದು ಎಂದು ಮೂರು ಲಾಳಿ ಆಡುತ್ತವೆ. ಒಡಲಿನ ಎಳೆ ಅಂಚಿನ ಎಳೆಯನ್ನು ಕೊಂಡಿಯಂತೆ ಹಿಡಿದು ಹಿಂದಿರುಗಬೇಕು. ಸೀರೆಯನ್ನು ಬೆಳಕಿಗೆ ಹಿಡಿದು ಅಂಚು ಒಡಲು ಕೂಡುವ ಗೆರೆಯನ್ನು ನೋಡಿದರೆ ನೇಯ್ದ ಕೈಯ ಪಳಗಿಕೆ ಗೊತ್ತಾಗುತ್ತದೆ. ಸಂಗ್ರಹಾಲಯದಲ್ಲಿ ಮಡಿಸಿಟ್ಟ ಸೀರೆ ಅದನ್ನು ತೋರಿಸದು. ಚಳ್ಳಕೆರೆಯ ಕಡೆಯ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುವ ವಾಸನೆಯೂ ಗಾಜಿನಾಚೆಗೆ ದಾಟದು.

ಬರಹಗಾರರ ಮನೆಗಳ ವಿಚಾರದಲ್ಲಿ ಈ ಸೀಮೆ ತನ್ನ ಹಕ್ಕನ್ನು ಕೇಳಿಯೇ ಇಲ್ಲ ಎನ್ನಬೇಕು. ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ವರ್ಷವಿಡೀ ಜನ ಹೋಗುತ್ತಾರೆ. ಆ ಕವಿ ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ್ದು ತಮ್ಮ ಗುರು ಟಿ. ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ದುರ್ಗದ ಚರಿತ್ರೆಯನ್ನು ಕಾದಂಬರಿಯಾಗಿಸಿದ ತ.ರಾ.ಸು. ಅವರದೂ ಅದೇ ಮನೆತನ. ಕುಪ್ಪಳಿಗೆ ಹೋಗಿ ಬಂದವರು ಒಮ್ಮೆ ತಳುಕಿನ ಬೀದಿಯಲ್ಲೂ ನಡೆಯಬೇಕು.

ಆಗಬೇಕಾದ ಕೆಲಸ ದೊಡ್ಡದಲ್ಲ. ಅಶೋಕ ಸಿದ್ದಾಪುರದಲ್ಲಿ ನಾಲ್ಕು ಕೋಣೆಯ ಒಂದು ಸ್ಥಳೀಯ ಸಂಗ್ರಹಾಲಯ. ಅದರಲ್ಲಿ ಬ್ರಹ್ಮಗಿರಿಯ ಮಡಕೆ, ಹತಾರಗಳಲ್ಲಿ ಕೆಲವನ್ನಾದರೂ ಊರಿಗೆ ಹಿಂದಿರುಗಿಸಿ ಇಡುವುದು. ಶಾಸನಗಳ ಬಳಿಯ ಫಲಕಗಳಲ್ಲಿ ಅಶೋಕನ ಹೆಸರಿನ ಜೊತೆಗೆ ಚಪಡನ, ಎಮ್ಮೆ ಕಾಯ್ದ ತಿಮ್ಮಯ್ಯನ, ಬಳೆಗಾರರ ಹೆಸರೂ ಬರುವುದು. ಇಷ್ಟನ್ನು ಪುರಾತತ್ತ್ವ ಸರ್ವೇಕ್ಷಣವೂ ರಾಜ್ಯ ಸರ್ಕಾರವೂ ಕೂಡಿ ಮಾಡಬೇಕು.

ನೋಡಲು ಹೋಗುವವರಿಗೆ ಒಂದು ಮಾತು. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆಯಾದ ಬೆಳಕಿನಲ್ಲಿ ನಟ್ಟನಡು ಮಧ್ಯಾಹ್ನ ಕಾಣದ ಅಕ್ಷರಗಳೂ ಏಳುತ್ತವೆ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ಉಜ್ಜಬೇಡಿ, ನೀರು, ಎಣ್ಣೆ ಹಾಕಬೇಡಿ. ಜಟಿಂಗ ರಾಮೇಶ್ವರದ ಹಾಸುಬಂಡೆಯ ಬಳಿ ಚಪ್ಪಲಿ ಬಿಟ್ಟು, ಕಾಲಿಡುವ ಮುನ್ನ ನೆಲ ನೋಡಿ.