ಬೀದರಿನ ಸುರಂಗದ ನೀರು ಯಾರದು?



ಬೀದರಿಗೆ ಹೋದವರು ಕೋಟೆ, ಗವಾನನ ಮದರಸಾ ನೋಡಿ ಫೋಟೋ ತೆಗೆಸ್ಕೊಂಡು ಬರ್ತಾರೆ. ನೌಬಾದಿನಲ್ಲಿ ನೆಲದೊಳಗೆ ಮಲಗಿರೋ ಇತಿಹಾಸ ನೋಡೋರು ಕಡಿಮೆ. ಕರೇಜ್ ಅಂದ್ರೆ ನೀರಿನ ಸುರಂಗ. 15ನೇ ಶತಮಾನದಲ್ಲಿ ಬಹಮನಿಗಳು ರಾಜಧಾನಿಯನ್ನ ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಪರ್ಷಿಯಾದ ಈ ವಿದ್ಯೆ ಇಲ್ಲಿಗೂ ಬಂತು.

ಬೀದರ್ ಇರೋದು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಮಳೆ ನೀರು ಆ ಕಲ್ಲಿನೊಳಗೆ ಇಳಿಯುತ್ತೆ, ಕೆಳಗಿನ ಗಟ್ಟಿ ಕರಿಕಲ್ಲು ಸಿಕ್ಕಲ್ಲಿ ನಿಲ್ಲುತ್ತೆ. ಆ ನೀರನ್ನ ಹಿಡಿದು, ತುಸುವೇ ಇಳಿಜಾರು ಕೊಟ್ಟು ಸುರಂಗ ಕೊರೆದಿದ್ದಾರೆ. ಹಗ್ಗ ಬೇಡ, ಪಂಪ್ ಬೇಡ, ನೀರು ತಾನೇ ಹರಿದು ಬರುತ್ತೆ. ನಡುನಡುವೆ ಮೇಲಿಂದ ಬಾವಿಯಂಥ ಕಂಡಿಗಳು. ಗಾಳಿ ಬೆಳಕಿಗೂ ಅವೇ, ಅಗೆದ ಮಣ್ಣನ್ನ ಮೇಲೆ ಎಳೆಯೋಕೂ ಅವೇ.

ನಾನು ಒಳಗೆ ಸ್ವಲ್ಪ ದೂರ ಹೋದೆ. ಬೆನ್ನು ಬಗ್ಗಿಸಬೇಕು. ಗೋಡೆ ತುಂಬ ಗುದ್ದಲಿ ಏಟಿನ ಗುರುತು. ಮೊಬೈಲ್ ಬೆಳಕಲ್ಲೇ ಉಸಿರು ಕಟ್ಟಿದ ಹಾಗಾಗುತ್ತೆ, ಎಣ್ಣೆ ದೀಪದಲ್ಲಿ ದಿನಗಟ್ಟಲೆ ಅಗೆದವರ ಗತಿ? ಜೊತೆಗೆ ಬಂದಿದ್ದವನು ಸುಲ್ತಾನರ ಹೆಸರೆಲ್ಲ ಸರಾಗವಾಗಿ ಹೇಳಿದ. ಅಗೆದವರು ಯಾರಪ್ಪಾ ಅಂದೆ. "ಕೂಲಿಯವ್ರು ಸರ್" ಅಂದ. ಅಷ್ಟೇ!

ಸುರಂಗದ ಕತ್ತಲಲ್ಲಿ ನೀರಿಗೆ ಜಾತಿ ಗೊತ್ತಾಗಲ್ಲ. ಹೊರಗೆ ಬಂದು ಬೆಳಕು ಕಂಡ ಕೂಡಲೇ ಗೊತ್ತಾಗುತ್ತೆ.

1948ರವರೆಗೆ ಬೀದರ್ ನಿಜಾಮರ ರಾಜ್ಯದಲ್ಲಿತ್ತು. ದೌಲತಾಬಾದ್ ಕೋಟೆಯೂ ಅದೇ ರಾಜ್ಯದ್ದು. 1934ರಲ್ಲಿ ಬಾಬಾಸಾಹೇಬರು ಸಂಗಾತಿಗಳ ಜೊತೆ ಆ ಕೋಟೆ ನೋಡೋಕೆ ಹೋಗಿದ್ರು, ನಮ್ಮ ಹಾಗೇ ಪ್ರವಾಸಿಗರಾಗಿ. ರಂಜಾನ್ ತಿಂಗಳು. ಬಾಗಿಲ ಬಳಿಯ ಸಣ್ಣ ಕೊಳದಲ್ಲಿ ದಾರಿಯ ಧೂಳು ತೊಳೆದುಕೊಂಡ್ರು. ಅಷ್ಟಕ್ಕೇ, ಕೊಳ ಮೈಲಿಗೆ ಆಯ್ತು ಅಂತ ಅಲ್ಲಿನ ಮುಸಲ್ಮಾನರು ಸುತ್ತುಗಟ್ಟಿದರು. ಕೊನೆಗೆ ಒಳಗೆ ಬಿಟ್ಟಾಗಲೂ ಎಲ್ಲೂ ನೀರು ಮುಟ್ಟದ ಹಾಗೆ ನೋಡಿಕೊಳ್ಳೋಕೆ ಬಂದೂಕಿನ ಸಿಪಾಯಿ ಜೊತೆಗೆ! 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬಾಬಾಸಾಹೇಬರೇ ಇದನ್ನ ಬರೆದಿದ್ದಾರೆ. ಕರೇಜ್ ತೋರಿಸಿ "ನಮ್ಮ ಧರ್ಮದ ಸಾಧನೆ" ಅನ್ನೋರೂ, "ಪರಕೀಯರದ್ದು" ಅಂತ ಮೂಗು ಮುರಿಯೋರೂ ಇಬ್ಬರೂ ಆ ಪುಟ ಓದಬೇಕು. ಜಾತಿ ಅನ್ನೋ ಹೂಳು ಎಲ್ಲಾ ಸುರಂಗದಲ್ಲೂ ತುಂಬಿದೆ.

ಹೂಳು ಅಂದಾಗ ನೆನಪಾಯ್ತು. ನೀರಿನ ಸುರಂಗಕ್ಕೆ ಇಳಿದರೆ ಪರಂಪರೆ, ಟಿಕೆಟ್, ಫೋಟೋ. ಮ್ಯಾನ್‌ಹೋಲ್‌ಗೆ ಇಳಿದರೆ? ಮಲ ಹೊರೋ ಕೆಲಸ ನಿಷೇಧಿಸಿ 2013ರಲ್ಲಿ ಕಾಯ್ದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟ್, ಒಳಗೆ ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಅಂತು. 2023ರಲ್ಲಿ ಅದನ್ನ 30 ಲಕ್ಷ ಮಾಡ್ತು. ಪರಿಹಾರ ಏರಿದೆ, ಇಳಿಯೋರು ಮಾತ್ರ ಇವತ್ತಿಗೂ ನಮ್ಮ ಕೇರಿಯವರೇ.

ಬೀದರಿಗೆ ಹೋದ್ರೆ ನೌಬಾದ್ ಬಿಡಬೇಡಿ. ಗೋಡೆಯ ಮೇಲಿನ ಗುದ್ದಲಿ ಗುರುತನ್ನ ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಅಗೆದವರ ಹೆಸರು ಕೇಳೋದನ್ನೂ ಮರೀಬೇಡಿ.