ಅಂಗಳ ಗುಡಿಸಿದವರು

ಶಿಕಾರಿಪುರ ತಾಲ್ಲೂಕೆಂದರೆ ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎಂದು ಎಲ್ಲರೂ ಹೇಳುತ್ತಾರೆ. ಅದೇ ತಾಲ್ಲೂಕಿನ ಹಿರೇಜಂಬೂರಿನ ಸತ್ಯಕ್ಕನ ಹೆಸರು ಮಾತ್ರ ಅಷ್ಟು ಬೇಗ ಯಾರ ಬಾಯಿಗೂ ಬರುವುದಿಲ್ಲ. ಹನ್ನೆರಡನೆಯ ಶತಮಾನದ ಈ ಶರಣೆಯ ಕಾಯಕ ಶಿವಭಕ್ತರ ಮನೆಯಂಗಳ ಗುಡಿಸುವುದು. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವವಳಲ್ಲ ತಾನು ಎಂದು ಆಣೆಯಿಟ್ಟು ವಚನದಲ್ಲಿ ಹೇಳಿಕೊಂಡವಳು. ಕಸಬರಿಗೆ ಹಿಡಿದವಳಿಗೆ ಅದೆಂಥ ಠೀವಿ ನೋಡಿ! ಮೈಯ ಗುರುತಿನಿಂದ, ಉಡುಗೆಯಿಂದ ಹೆಣ್ಣು ಗಂಡೆಂದು ಅಳೆಯುವುದು ಲೋಕದ ರೂಢಿಯೇ ಹೊರತು ತಿಳಿದವರ ನಡೆಯಲ್ಲ ಎಂಬರ್ಥದ ವಚನವೂ ಅವಳದೇ.

ಮಕ್ಕಳ ಕೈಲಿ ಮನೆಗೆಲಸ ಮಾಡಿಸಬೇಕೇ ಬೇಡವೇ ಎಂಬ ಮಾತು ಬಂದಾಗಲೆಲ್ಲ ನನಗೆ ಈಕೆ ನೆನಪಾಗುತ್ತಾಳೆ. ಪೇಟೆಯ ನಮ್ಮ ಓರಗೆಯವರು, "ಪಾಪ, ಹೋಂವರ್ಕೇ ಅಷ್ಟಿರುತ್ತೆ, ಓದಿಕೊಳ್ಳಲಿ ಬಿಡ್ರೀ" ಎನ್ನುತ್ತಾರೆ. ಓದು ಬೇರೆ, ಕೈಕೆಲಸ ಬೇರೆ ಎಂಬ ಈ ಎಣಿಕೆ ನಮ್ಮ ಸೀಮೆಯದಂತೂ ಅಲ್ಲ.

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬವನ್ನು ನೀವು ನೋಡಿರಬಹುದು. ಐದನೆಯ ಶತಮಾನದ ಕದಂಬರ ಶಾಸನ ಅದರ ಮೇಲಿದೆ. ಮಯೂರಶರ್ಮ ಓದಲೆಂದು ಕಂಚಿಯ ಘಟಿಕೆಗೆ ಹೋದದ್ದು, ಪಲ್ಲವರ ಕುದುರೆಸವಾರನೊಡನೆ ಜಗಳವಾದದ್ದು, ಕತ್ತಿ ಹಿಡಿದದ್ದು ಎಲ್ಲವೂ ಅಲ್ಲಿದೆ. ನನಗೆ ಹಿಡಿಸಿದ್ದು ಬೇರೆಯೇ ಒಂದು ಸಂಗತಿ. ಕತ್ತಿ ಎಳೆದ ಆ ಕೈ ಅದುವರೆಗೆ ದರ್ಭೆ, ಸೌದೆ, ಸೌಟು, ತುಪ್ಪಗಳಲ್ಲಿ ಪಳಗಿದ ಕೈ ಎಂದು ಕವಿ ಕುಬ್ಜ ವರ್ಣಿಸುತ್ತಾನೆ. ಗುರುವಿನ ಮನೆಯಲ್ಲಿ ಸೌದೆ ಒಟ್ಟುವುದೂ ವಿದ್ಯೆಯ ಭಾಗವೇ ಆಗಿತ್ತು. ರಾಜ್ಯ ಕಟ್ಟುವವನೂ ಅದನ್ನು ಮಾಡಿದ್ದ. ಅದೇ ಸೌದೆಯನ್ನು ಹುಡುಗ ತನ್ನ ತಾಯಿಯ ಒಲೆಗೆ ತಂದುಕೊಟ್ಟರೆ ಮಾತ್ರ ಅದು "ಹೆಣ್ಣಿಗನ ಕೆಲಸ" ಆಯಿತು! ಈ ತಿರುವು ಯಾವ ಕಾಲದಲ್ಲಿ ಆಯಿತೋ, ಯಾವ ಕಲ್ಲಿನ ಮೇಲೂ ಬರೆದಿಲ್ಲ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನದಲ್ಲಿ ವೇದ, ವ್ಯಾಕರಣಗಳ ದೊಡ್ಡ ಪಟ್ಟಿಯಿದೆ, ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದ ಮಾತಿದೆ. ಅಷ್ಟು ಅನ್ನಕ್ಕೆ ಅಕ್ಕಿ ಕೇರಿದ ಕೈಗಳು ಯಾರವೋ ಎಂದು ನಾನಂತೂ ಯೋಚಿಸುತ್ತೇನೆ.

ನನ್ನ ತವರು ಸೊರಬದ ಕಡೆಯ ಹಳ್ಳಿ. ಅಲ್ಲಿ ಮಕ್ಕಳಿಗೆ ಯಾರೂ ಕೆಲಸ "ಕಲಿಸಿದ್ದು" ನನಗೆ ಗೊತ್ತಿಲ್ಲ. ಅಮ್ಮನ ಪಕ್ಕ ಕೂತರೆ ಕಲಿತ ಹಾಗೆ. ಭೂಮಿ ಹುಣ್ಣಿಮೆಯ ಬುಟ್ಟಿಯನ್ನೇ ತೆಗೆದುಕೊಳ್ಳಿ. ಆಶ್ವಯುಜದ ಹುಣ್ಣಿಮೆಗೆ ಮುಂಚೆ ಬಿದಿರಿನ ಬುಟ್ಟಿಗೆ ಸೆಗಣಿ ಬಳಿದು, ಒಣಗಿಸಿ, ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯಬೇಕು. ಕುಂಚ ಪುಂಡಿನಾರಿನದು. ಮೂರು ವರ್ಷದ ಕೂಸು ಸೆಗಣಿ ಕಲಸಿಕೊಟ್ಟರೆ, ಐದರದು ನಾರು ಜಜ್ಜಿಕೊಟ್ಟರೆ, ಎಂಟರದಕ್ಕೆ ಬುಟ್ಟಿಯ ತಳದಲ್ಲಿ, ಯಾರಿಗೂ ಕಾಣದ ಕಡೆ, ಒಂದು ಗೆರೆ ಎಳೆಯಲು ಬಿಡುತ್ತಿದ್ದರು. ಗೆರೆ ನೆಟ್ಟಗಾದ ವರ್ಷ ಅಂಚಿಗೆ ಬಡ್ತಿ! ಗುಡಿಗಾರರ ಮನೆಯಲ್ಲೂ ಹೀಗೆಯೇ. ಗಂಧದ ಕೊರಡಿನ ಮುಂದೆ ಅಪ್ಪನ ಪಕ್ಕ ಮಗ.

ಆದರೆ ಇದನ್ನೆಲ್ಲ ಹಾಡಿ ಹೊಗಳಿ ಮುಗಿಸಿದರೆ ಅನ್ಯಾಯವಾದೀತು. ಬುಟ್ಟಿಯ ಪಕ್ಕ ಕೂತದ್ದು ಹೆಣ್ಣುಮಕ್ಕಳು ಮಾತ್ರ. ತಮ್ಮನನ್ನು ಎತ್ತಿಕೊಳ್ಳಲು, ಕೊಟ್ಟಿಗೆ ಬಳಿಯಲು, ಅಡಿಕೆ ಸುಲಿಯುವ ದಿನಗಳಲ್ಲಿ ಗಂಜಿ ಕಾಯಿಸಲು ಶಾಲೆ ಬಿಟ್ಟ ನನ್ನ ಜೊತೆಯ ಹುಡುಗಿಯರನ್ನು ಬೆರಳು ಮಡಿಸಿ ಎಣಿಸಬಲ್ಲೆ. ಒಬ್ಬಳ ಲೆಕ್ಕ ನನ್ನದಕ್ಕಿಂತ ಚೆನ್ನಾಗಿತ್ತು. ನಾಲ್ಕನೆಯ ತರಗತಿಯ ಮೇಲೆ ಅವಳು ಬರಲಿಲ್ಲ. ಅವಳ ಅಣ್ಣ ಹತ್ತನೆಯದನ್ನು ಎರಡು ಸಲ ಕಟ್ಟಿದ. ಅವನು ಉಂಡ ತಟ್ಟೆಯನ್ನು ಅವನು ಎತ್ತಿದ್ದನ್ನು ಊರೇ ಕಂಡಿರಲಿಲ್ಲ.

ಹೊರಗಿನ ಲೋಕದಲ್ಲಿ ಇದಕ್ಕೆ ಮದ್ದು ಹುಡುಕಿದವರಿದ್ದರು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸೊರಿ, ನೀರು ಸುರಿಯುವುದು, ಗುಡಿಸುವುದು, ಗುಂಡಿ ಹಾಕುವುದನ್ನೇ ಪಾಠ ಮಾಡಿದರು, ಹುಡುಗ ಹುಡುಗಿ ಇಬ್ಬರಿಗೂ. ಅವರು 1939ರಲ್ಲಿ ಮದರಾಸಿಗೂ ಬಂದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಓದು ಎಂದರು. ಕಾನೂನೂ ಬಂತು: 1986ರದು, ಆಮೇಲೆ 2016ರ ತಿದ್ದುಪಡಿ. ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ, ಶಾಲೆ ಮುಗಿದ ಮೇಲೆ ಮತ್ತು ರಜೆಯಲ್ಲಿ, ಅಪಾಯವಿಲ್ಲದ ಕಡೆ, ಮನೆಯವರಿಗೆ ನೆರವಾಗಬಹುದು ಎನ್ನುತ್ತದೆ ಅದು. ನೆರವು ಎಲ್ಲಿ ಮುಗಿದು ದುಡಿಮೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಾನೂನಿಗಿಂತ ಅಡುಗೆಮನೆಯೇ ಚೆನ್ನಾಗಿ ಬಲ್ಲದು. ನನ್ನ ಅಳತೆ ಸುಲಭದ್ದು: ಆ ಕೆಲಸಕ್ಕಾಗಿ ಮಗಳು ಶಾಲೆ ತಪ್ಪಿಸಬೇಕಾದರೆ ಅದು ನೆರವಲ್ಲ, ಮಗನಿಗೆ ಹೇಳಲು ನಾಲಿಗೆ ತಡವರಿಸಿದರೂ ಅಲ್ಲ.

ಚಿಕ್ಕವರಿಗೆ ಅವರ ಕೈಯಳತೆಯ ಕೆಲಸವೇ ಬೇಕು. ಬಟಾಣಿ ಸುಲಿಯುವುದು, ಒಣಗಿದ ಬಟ್ಟೆಯಲ್ಲಿ ತನ್ನದನ್ನು ಆರಿಸಿ ಮಡಿಸುವುದು, ಲೋಟ ಹಾಕುವುದು. ನೀರು ಚೆಲ್ಲುತ್ತದೆ, ಹೊತ್ತಾಗುತ್ತದೆ. ಮಗು ಗುಡಿಸಿ ಹೋದ ಜಾಗವನ್ನು ಅದರ ಎದುರಿಗೇ ಮತ್ತೆ ಗುಡಿಸುವ ತಾಯಂದಿರನ್ನು ಕಂಡರೆ ನನಗೆ ಕೋಪ ಬರುತ್ತದೆ. ಮರುದಿನ ಅದು ಕಸಬರಿಗೆ ಮುಟ್ಟೀತೇ?

ಈಚಿನ ಒಂದು ಹುಣ್ಣಿಮೆಗೆ ನನ್ನ ತಮ್ಮನ ಮೊಮ್ಮಗ, ಏಳು ವರ್ಷದವನು, ಅಜ್ಜಿಯ ಕೈಯಿಂದ ನಾರು ಕಿತ್ತುಕೊಂಡು ಬುಟ್ಟಿಯ ನಡುಮಧ್ಯಕ್ಕೇ ಗೆರೆ ಎಳೆದ. ಹಾವಿನಂತೆ ಸೊಟ್ಟ. ಅಜ್ಜಿ ಅಳಿಸಲು ಬಟ್ಟೆ ಎತ್ತಿದಳು, ಯಾಕೋ ಬಿಟ್ಟಳು. ಬೆಳಗಿನ ಜಾವ ಬುಟ್ಟಿ ಹಾಗೆಯೇ ಗದ್ದೆಗೆ ಹೋಯಿತು.