ಪಹಣಿಯೂ ಗಣಕಯಂತ್ರವೂ

ಬೀದರಿನಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಹಳ್ಳಿಖೇಡದ ಹೆಸರಿಗೆ ಕಂಸದೊಳಗೆ ಒಂದು ‘ಬಿ’ ಅಂಟಿಕೊಂಡಿದೆ. ಹಳೆಯ ಹೈದರಾಬಾದು ಸಂಸ್ಥಾನದ ಕಂದಾಯ ದಫ್ತರದಲ್ಲಿ ಅದು ‘ಬುಜುರ್ಗ್’, ಎಂದರೆ ಹಿರಿದು. ಅದೇ ಹೆಸರಿನ ಇನ್ನೊಂದು ಊರು ‘ಖುರ್ದ್’, ಎಂದರೆ ಕಿರಿದು. ಅದರ ಗುರುತು ‘ಕೆ’. ಈ ಒಂದಕ್ಷರ ತಪ್ಪಿದರೆ ಒಂದೂರಿನ ಹೊಲ ಇನ್ನೊಂದೂರಿನ ಲೆಕ್ಕಕ್ಕೆ ಸೇರೀತು. ಸಾಲಕ್ಕೆಂದು ಹೋದ ರೈತ ಬರಿಗೈಯಲ್ಲಿ ಮರಳಿಯಾನು. ಇಂಥ ದಫ್ತರವನ್ನು ಯಂತ್ರಕ್ಕೆ ಒಪ್ಪಿಸುವವನಿಗೆ ಗಣಿತಕ್ಕಿಂತ ವಿವೇಚನೆಯೇ ಹೆಚ್ಚು ಬೇಕು.

ಕರ್ನಾಟಕದಲ್ಲಿ ಆ ಪ್ರಯತ್ನ ಮೊದಲು ನಡೆದದ್ದು ನೆರೆಯ ಗುಲ್ಬರ್ಗದಲ್ಲಿಯೇ, 1991ರಲ್ಲಿ. ಅದು ಫಲ ಕೊಡಲಿಲ್ಲ. ಗಣಕಯಂತ್ರವಿದ್ದದ್ದು ಜಿಲ್ಲಾ ಕೇಂದ್ರದಲ್ಲಿ. ಮಾರಾಟ, ಹಿಸ್ಸೆ, ವಾರಸಿಕೆಗಳ ಬದಲಾವಣೆ ದಾಖಲಾಗುತ್ತಿದ್ದದ್ದು ತಾಲ್ಲೂಕಿನಲ್ಲಿ, ಕೈಬರಹದಲ್ಲಿ. ಹೀಗಾಗಿ ಯಂತ್ರದೊಳಗಿನ ಪಹಣಿ ದಿನದಿನಕ್ಕೆ ಹಳತಾಯಿತು.

ಮುಂದೆ ಬಂದದ್ದು ‘ಭೂಮಿ’ ಯೋಜನೆ. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಜ್ಞರ ನೆರವಿನಿಂದ, 2002ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ತಾಲ್ಲೂಕು ಕಚೇರಿಗಳ ಯಂತ್ರಗಳನ್ನು ಸೇರಿದವು. ಕೈಬರಹದ ಪಹಣಿ ಅಸಿಂಧುವಾಯಿತು. ಹದಿನೈದು ರೂಪಾಯಿಗೆ ಅಚ್ಚಾದ ಪಹಣಿ ಕೈಸೇರತೊಡಗಿತು.

ಇಲ್ಲೊಂದು ಕಠಿಣ ಪ್ರಶ್ನೆಯಿತ್ತು. ಎಲ್ಲ ತಪ್ಪುಗಳನ್ನೂ ತಿದ್ದಿ ಆಮೇಲೆ ತುಂಬುವುದೇ, ಇದ್ದದ್ದನ್ನು ಇದ್ದಂತೆಯೇ ತುಂಬುವುದೇ? ಮೊದಲನೆಯದು ನ್ಯಾಯ, ಆದರೆ ಅದಕ್ಕೆ ಕೊನೆಯಿಲ್ಲ. ಎರಡನೆಯದು ಸಾಧ್ಯ, ಆದರೆ ತಪ್ಪಿಗೂ ಅಚ್ಚಿನ ಗೌರವ ಬರುತ್ತದೆ. ಎರಡನೆಯದನ್ನೇ ಆರಿಸಿದರು. ತಿದ್ದುವ ಶ್ರಮವನ್ನು ಹಿಂದಿನ ದಾಖಲೆಗಿಂತ ಮುಂದಿನ ವ್ಯವಹಾರದ ಮೇಲೆ ಹೂಡಿದರು. ಮೊದಲು ಬಂದ ಅರ್ಜಿ ಮೊದಲು ಇತ್ಯರ್ಥವಾಗಬೇಕು. ತಿದ್ದಿದವರ ಬೆರಳಚ್ಚು ದಾಖಲಾಗಬೇಕು. ಸರದಿ ತಪ್ಪಿಸುವ ಅಧಿಕಾರವೇ ಲಂಚದ ಬೇರೆಂದು ಅವರು ಬಲ್ಲರು.

ಜನರನ್ನು ನಡೆಸಿದ ರೀತಿಯೂ ಗಮನಾರ್ಹ. ಗ್ರಾಮಲೆಕ್ಕಿಗರ ಹಿಡಿತ ಇದರಿಂದ ಸಡಿಲುವುದಿತ್ತು, ವಿರೋಧ ಸಹಜ. ಆದರೆ ದಾಖಲೆ ಸರಿಯಿದೆಯೆಂದು ದೃಢೀಕರಿಸುವ ಹೊಣೆಯನ್ನು ಅವರಿಗೇ ವಹಿಸಿದರು. ಅವರಲ್ಲಿಯೇ ಹಲವರನ್ನು ತರಬೇತುಗೊಳಿಸಿ ಯಂತ್ರದ ಮುಂದೆ ಕೂರಿಸಿದರು. ಕೆಲಸ ಬಲ್ಲವನನ್ನು ಹೊರಗಿಟ್ಟು ಆ ಕೆಲಸವನ್ನೇ ಸುಧಾರಿಸಲಾಗದು.

ಬೆಲೆಯನ್ನೂ ತೆರಬೇಕಾಯಿತು. ಊರಿನಲ್ಲಿಯೇ ಲೆಕ್ಕಿಗನಿಂದ ಸಿಗುತ್ತಿದ್ದ ಪಹಣಿಗಾಗಿ ಹಳ್ಳಿಖೇಡದ ರೈತ ಹುಮನಾಬಾದಿಗೆ ನಡೆಯಬೇಕಾಯಿತು. ಹೋಬಳಿಯ ನಾಡಕಚೇರಿಗಳಲ್ಲಿ ಅದು ದೊರಕಿದ್ದು ಅನಂತರ. ಸತ್ತ ಅಜ್ಜನ ಹೆಸರು ಅಚ್ಚಿನಲ್ಲಿಯೂ ಹಾಗೆಯೇ ಉಳಿಯಿತು. ಪೌತಿ ಖಾತೆಗಾಗಿ ಸರಕಾರ ಆಂದೋಲನವನ್ನೇ ಹೂಡಬೇಕಾಯಿತು.

ಆದುದರಿಂದ ‘ಭೂಮಿ’ಯನ್ನು ಬರಿಯ ಜಯವೆನ್ನುವುದೂ ಬರಿಯ ಮೋಸವೆನ್ನುವುದೂ ಅವಸರದ ಮಾತು. ಏನನ್ನು ಮಾಡಿದರು ಎಂಬಷ್ಟೇ ಮುಖ್ಯವಾದುದು, ಏನನ್ನು ಮಾಡದೆ ಬಿಟ್ಟರು ಎಂಬುದು. ಹಾಗೆ ಬಿಟ್ಟದ್ದರ ಬಾಕಿಯನ್ನು ಯಾರು ತೀರಿಸುತ್ತಾರೆಂದು ಮೊದಲೇ ಕೇಳಿಕೊಳ್ಳುವುದೇ ವಿವೇಚನೆ. ಹೆಚ್ಚಿನ ಸಲ ಅದನ್ನು ತೀರಿಸುವವನು ಯಂತ್ರ ಕಟ್ಟಿದವನಲ್ಲ, ಸರದಿಯಲ್ಲಿ ನಿಂತವನು.